ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ, ಕಲಬುರಗಿ: ಊರ ಹೆಸರುಗಳನ್ನು ಒಂದು ದಾರಿಗೆ ತರುವ ಟೇಬಲ್ ಕಟ್ಟುವುದು ಹೇಗೆ

ಕರ್ನಾಟಕದಲ್ಲಿ ಈಗ ಇರುವುದು 31 ಜಿಲ್ಲೆ. ಆದರೆ ನಾಲ್ಕಾರು ಕಚೇರಿಗಳಿಂದ, ನಾಲ್ಕಾರು ವರ್ಷಗಳಲ್ಲಿ ಬಂದ ಶೀಟುಗಳನ್ನು ಒಟ್ಟು ಸೇರಿಸಿ, ಜಿಲ್ಲೆಯ ಕಾಲಮ್ ಮೇಲೆ ಒಂದು ಪಿವಟ್ (ಪ್ರತಿ ಹೆಸರಿಗೂ ಒಂದು ಸಾಲಿನಂತೆ ಒಟ್ಟು ಕೂಡಿಸಿ ತೋರಿಸುವ ಟೇಬಲ್) ಹಾಕಿ ನೋಡಿ. 31 ಸಾಲು ಬರುವುದಿಲ್ಲ. ಅದರ ದುಪ್ಪಟ್ಟು ಬಂದರೂ ಆಶ್ಚರ್ಯವಿಲ್ಲ. ಬಾಗಲಕೋಟ ಒಂದು ಸಾಲು, ಬಾಗಲಕೋಟೆ ಇನ್ನೊಂದು. ಯಾದಗಿರಿ, ಯಾದಗಿರ, ಯಾದಗೀರ್ ಮೂರು ಸಾಲು. ಕೊಡಗು ಒಂದು ಕಡೆ, ಕೂರ್ಗ್ ಇನ್ನೊಂದು ಕಡೆ. ಕಂಪ್ಯೂಟರ್ ಇವನ್ನೆಲ್ಲ ಬೇರೆ ಬೇರೆ ಜಿಲ್ಲೆ ಅಂತಲೇ ಎಣಿಸುತ್ತದೆ, ಒಂದು ದೂರನ್ನೂ ಹೇಳುವುದಿಲ್ಲ. ಇಲ್ಲಿ ಅಪಾಯ ಇರುವುದೇ ಆ ಮೌನದಲ್ಲಿ. ಮೊತ್ತ ಬರುತ್ತದೆ, ಚಾರ್ಟು ಬರುತ್ತದೆ, ಕಲಬುರಗಿಯ ಅಂಕಿ ಮಾತ್ರ ನಾಲ್ಕು ಚೂರಾಗಿರುತ್ತದೆ.

ಇದಕ್ಕೆ ಸಾಮಾನ್ಯ ಪರಿಹಾರ ಸಿನಾನಿಮ್ ಟೇಬಲ್. ಒಂದು ಹೆಸರು ಡೇಟಾದಲ್ಲಿ ಯಾವ್ಯಾವ ರೂಪದಲ್ಲಿ ಬರುತ್ತದೋ ಅವನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ನಾವು ಒಪ್ಪಿದ ರೂಪವನ್ನು ಇಡುವುದು. ಆಮೇಲೆ ಆ ಪಟ್ಟಿಯನ್ನು ಡೇಟಾದ ಜೊತೆ ಜೋಡಿಸುವುದು. ಕೇಳಲು ಸುಲಭ, ಅಲ್ವಾ? ಕೆಲಸ ಕೆಡುವುದು ಎರಡು ಕಡೆ. ಒಂದು, ಕಣ್ಣಿಗೆ ಕಾಣದ ಅಕ್ಷರಗಳಲ್ಲಿ. ಇನ್ನೊಂದು, ಹೆಸರು ಬದಲಾದದ್ದಕ್ಕೂ ಜಿಲ್ಲೆ ಒಡೆದದ್ದಕ್ಕೂ ವ್ಯತ್ಯಾಸ ಮಾಡದೆ ಇರುವುದರಲ್ಲಿ. ಹಾಗಾಗಿ ಈ ಲೇಖನದಲ್ಲಿ ಆ ಎರಡಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉದಾಹರಣೆ ಎಲ್ಲ ನಮ್ಮ ಜಿಲ್ಲೆ, ತಾಲ್ಲೂಕುಗಳದ್ದೇ. ಔಷಧದ ಹೆಸರು, ಬೆಳೆಯ ಹೆಸರು, ಕಂಪನಿಯ ಹೆಸರು ಯಾವುದಕ್ಕಾದರೂ ಕ್ರಮ ಇದೇ.

ಫೈಂಡ್ ಅಂಡ್ ರಿಪ್ಲೇಸ್ ಯಾಕೆ ಸಾಲದು

ಹೆಚ್ಚಿನವರು ಮೊದಲು ಮಾಡುವುದು ಇದನ್ನೇ. ‘ಬೆಂಗಳೂರು’ ಹುಡುಕಿ ‘ಬೆಂಗಳೂರು ನಗರ’ ಅಂತ ಬದಲಿಸುತ್ತಾರೆ. ಕೂಡಲೇ ‘ಬೆಂಗಳೂರು ಗ್ರಾಮಾಂತರ’ ಹೋಗಿ ‘ಬೆಂಗಳೂರು ನಗರ ಗ್ರಾಮಾಂತರ’ ಆಗುತ್ತದೆ. ಮೊದಲೇ ಸರಿಯಾಗಿದ್ದ ‘ಬೆಂಗಳೂರು ನಗರ’ವೂ ‘ಬೆಂಗಳೂರು ನಗರ ನಗರ’ ಆಗುತ್ತದೆ. ಇಡೀ ಸೆಲ್ ಹೊಂದಿದರೆ ಮಾತ್ರ ಬದಲಿಸು ಎಂಬ ಆಯ್ಕೆಗೆ ಟಿಕ್ ಹಾಕಿದರೆ ಇದು ತಪ್ಪುತ್ತದೆ. ಆದರೆ ಯಾವುದನ್ನು ಯಾವುದಕ್ಕೆ ಬದಲಿಸಿದಿರಿ ಎಂಬ ದಾಖಲೆ ಎಲ್ಲೂ ಉಳಿಯುವುದಿಲ್ಲ. ಮುಂದಿನ ತಿಂಗಳು ಹೊಸ ಫೈಲು ಬಂದಾಗ ಮತ್ತೆ ಮೊದಲಿನಿಂದ ಶುರು. ನೀವು ರಜೆಯಲ್ಲಿದ್ದರೆ ಇನ್ನೊಬ್ಬರು ಅವರಿಗೆ ತೋಚಿದ ಹಾಗೆ ಬದಲಿಸುತ್ತಾರೆ.

ಹಾಗಾದರೆ ಹತ್ತಿರದ ಹೆಸರನ್ನು ತಾನೇ ಹುಡುಕಿಕೊಳ್ಳುವ ಫಜಿ ಮ್ಯಾಚಿಂಗ್ ಬಳಸಬಾರದೇ? ಒಂದು ಲೆಕ್ಕ ಹಾಕಿ ನೋಡೋಣ. ಎರಡು ಪದಗಳ ನಡುವಿನ ದೂರ ಅಳೆಯಲು ಬಹಳ ಕಡೆ ಬಳಸುವುದು ಲೆವೆನ್‌ಸ್ಟೈನ್ ದೂರ. ಒಂದು ಪದ ಇನ್ನೊಂದಾಗಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬ ಎಣಿಕೆ ಅದು. ಕನ್ನಡದಲ್ಲಿ ಕಾಗುಣಿತದ ಚಿಹ್ನೆಗಳೂ ಕಂಪ್ಯೂಟರ್‌ಗೆ ಬೇರೆ ಅಕ್ಷರಗಳೇ. ‘ಮಂಗಳೂರು’ ‘ಬೆಂಗಳೂರು’ ಆಗಲು ‘ಮ’ ಹೋಗಿ ‘ಬ’ ಬರಬೇಕು, ಒಂದು ಎತ್ವ ಸೇರಬೇಕು. ದೂರ ಬರೀ 2. ಅದೇ ‘ಬ್ಯಾಂಗಲೋರ್’ ಎಂಬುದು ‘ಬೆಂಗಳೂರು’ ಆಗಲು 6 ಬದಲಾವಣೆ ಬೇಕು. ಅಂದರೆ ಯಂತ್ರದ ಕಣ್ಣಿಗೆ ಬ್ಯಾಂಗಲೋರ್‌ಗಿಂತ ಮಂಗಳೂರೇ ಬೆಂಗಳೂರಿಗೆ ಹತ್ತಿರ! ಚಿಕ್ಕಮಗಳೂರಿನ ಕಡೂರು, ಮಾಗಡಿಯ ಕುದೂರು ನಡುವೆ ದೂರ 2. ತುಮಕೂರಿನ ಶಿರಾ, ಉತ್ತರ ಕನ್ನಡದ ಶಿರಸಿ ನಡುವೆಯೂ 2. ಫಜಿ ಮ್ಯಾಚಿಂಗ್ ಸಲಹೆ ಕೊಡಲಿ, ತೀರ್ಮಾನ ಮಾತ್ರ ಅದಕ್ಕೆ ಬಿಡಬೇಡಿ.

ಮೊದಲ ಹೆಜ್ಜೆ: ಮೂಲ ಕಾಲಮ್ ಮುಟ್ಟಬೇಡಿ

ಬಂದ ಹೆಸರು ಹೇಗೆ ಬಂದಿದೆಯೋ ಹಾಗೇ ಇರಲಿ. ಅದರ ಪಕ್ಕಕ್ಕೆ ಎರಡು ಹೊಸ ಕಾಲಮ್ ಮಾಡಿ. ಒಂದಕ್ಕೆ ‘ಕೀ’ ಅಂತ ಹೆಸರಿಡಿ, ಇನ್ನೊಂದಕ್ಕೆ ‘ಕೋಡ್’. ಕೀ ಎಂದರೆ ಹೋಲಿಕೆಗೋಸ್ಕರ ಮಾತ್ರ ಶುಚಿ ಮಾಡಿದ ರೂಪ, ಅದನ್ನು ವರದಿಯಲ್ಲಿ ತೋರಿಸುವುದಿಲ್ಲ. ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆಯನ್ನೂ ಕೊಟ್ಟುಬಿಡಿ. ಮುಂದೆ ಸಾಲುಗಳು ಹೆಚ್ಚಾದವೋ ಕಡಿಮೆಯಾದವೋ ನೋಡಲು ಬೇಕಾಗುತ್ತದೆ.

ಫೈಲು ಸಿಎಸ್‌ವಿ (ಕಾಲಮ್‌ಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಟೆಕ್ಸ್ಟ್ ಫೈಲು) ಆಗಿದ್ದರೆ ತೆರೆಯುವಾಗಲೇ ಹುಷಾರು. ಎಕ್ಸೆಲ್‌ನಲ್ಲಿ ಸುಮ್ನೆ ಡಬಲ್ ಕ್ಲಿಕ್ ಮಾಡಿದರೆ ಕನ್ನಡ ಅಕ್ಷರಗಳು ವಿಚಿತ್ರ ಚಿಹ್ನೆಗಳಾಗಿ ಕಾಣಬಹುದು. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಎನ್‌ಕೋಡಿಂಗ್ ಯುಟಿಎಫ್-8 ಅಂತ ಆರಿಸಿ. ಕೋಡ್ ಇರುವ ಕಾಲಮ್‌ಗಳನ್ನು ಟೆಕ್ಸ್ಟ್ ಅಂತಲೇ ಓದಿಸಿ. ಇಲ್ಲದಿದ್ದರೆ ಕೋಡ್‌ನ ಮೊದಲಲ್ಲಿರುವ ಸೊನ್ನೆಗಳು ಉದುರಿಹೋಗುತ್ತವೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಶೀಟಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಅದಾಗದೆ ಮುಂದಿನ ಯಾವ ಹೆಜ್ಜೆಯೂ ನಡೆಯುವುದಿಲ್ಲ.

ಕಣ್ಣಿಗೆ ಕಾಣದ ಕಸ

ಇದು ಎಲ್ಲರೂ ಹಾರಿಸಿಬಿಡುವ ಹೆಜ್ಜೆ. ಟೇಬಲ್‌ನಲ್ಲಿ ‘ಬೆಂಗಳೂರು’ ಇದೆ, ಡೇಟಾದಲ್ಲೂ ‘ಬೆಂಗಳೂರು’ ಇದೆ, ಆದರೂ ಹೊಂದುತ್ತಿಲ್ಲ ಅಂದರೆ ಕಾರಣ ಇಲ್ಲೇ ಇರುತ್ತದೆ. ಪತ್ತೆಗೆ ಸರಳ ಉಪಾಯ ಉದ್ದ ಅಳೆಯುವುದು. ಎಕ್ಸೆಲ್‌ನ ಲೆನ್ ಫಂಕ್ಷನ್ ‘ಬೆಂಗಳೂರು’ ಪದಕ್ಕೆ 8 ಅಂತ ಹೇಳಬೇಕು. 9 ಅಂದರೆ ಒಳಗೆ ಏನೋ ಅಡಗಿದೆ.

ಅಡಗಿರುವುದು ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು.

ಖಾಲಿ ಜಾಗ. ಹಿಂದೆ ಮುಂದೆ ಇರುವ ಸ್ಪೇಸ್ ಅನ್ನು ಟ್ರಿಮ್ ತೆಗೆಯುತ್ತದೆ. ಆದರೆ ವೆಬ್‌ನಿಂದ ನಕಲು ಮಾಡಿದ ಡೇಟಾದಲ್ಲಿ ಬರುವ ‘ಮುರಿಯದ ಸ್ಪೇಸ್’, ಅಂದರೆ ಯೂನಿಕೋಡ್ ಸಂಖ್ಯೆ 160 ಇರುವುದು, ಟ್ರಿಮ್‌ಗೆ ಜಗ್ಗುವುದಿಲ್ಲ. ಅದನ್ನು ಸಬ್‌ಸ್ಟಿಟ್ಯೂಟ್ ಬಳಸಿ ಮಾಮೂಲು ಸ್ಪೇಸ್‌ಗೆ ಬದಲಿಸಿ, ಆಮೇಲೆ ಟ್ರಿಮ್ ಮಾಡಿ.

ಜೋಡಕ್ಷರ ಬಿಡಿಸುವ, ಕೂಡಿಸುವ ಗುರುತುಗಳು. ‘ಎಕ್ಸೆಲ್‌ನಲ್ಲಿ’ ಎಂದು ಬರೆಯುವಾಗ ಲ್ ಮತ್ತು ನ ಅಂಟಿಕೊಳ್ಳದ ಹಾಗೆ ನಡುವೆ ಒಂದು ಅದೃಶ್ಯ ಅಕ್ಷರ ಇರುತ್ತದೆ. ಅದರ ಸಂಖ್ಯೆ 8204. ಅದರ ಜೊತೆಗಾರ 8205, ‘ರ್‍ಯಾಲಿ’ ಅಂತ ಬರೆಯುವಾಗ ಬೇಕಾಗುವುದು. ಇವು ಕನ್ನಡಕ್ಕೆ ನಿಜವಾಗಿ ಬೇಕಾದ ಅಕ್ಷರಗಳೇ. ಆದ್ದರಿಂದ ಮೂಲ ಕಾಲಮ್‌ನಿಂದ ತೆಗೆಯಬೇಡಿ, ಕೀ ಕಾಲಮ್‌ನಿಂದ ಮಾತ್ರ ತೆಗೆಯಿರಿ. ಎಕ್ಸೆಲ್‌ನಲ್ಲಿ ಯುನಿಚಾರ್ ಫಂಕ್ಷನ್‌ಗೆ ಈ ಸಂಖ್ಯೆ ಕೊಟ್ಟು, ಸಬ್‌ಸ್ಟಿಟ್ಯೂಟ್‌ನಲ್ಲಿ ಅದರ ಜಾಗಕ್ಕೆ ಖಾಲಿ ಉದ್ಧರಣ ಚಿಹ್ನೆ ಇಟ್ಟರೆ ಸಾಕು.

ಒಂದೇ ಕಾಗುಣಿತ, ಎರಡು ಬರವಣಿಗೆ. ‘ಕೋಲಾರ’ದ ‘ಕೋ’ ತೆಗೆದುಕೊಳ್ಳಿ. ಅದರಲ್ಲಿರುವ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಅಕ್ಷರವಾಗಿಯೂ ಇಡಬಹುದು, ಎತ್ವ, ಊಕಾರ, ದೀರ್ಘ ಎಂದು ಮೂರು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ಲೆನ್ ಮಾತ್ರ ಒಂದಕ್ಕೆ 5, ಇನ್ನೊಂದಕ್ಕೆ 7 ಎನ್ನುತ್ತದೆ. ‘ಶಿವಮೊಗ್ಗ’ಕ್ಕೂ ಹೀಗೇ 8 ಅಥವಾ 9. ಇದಕ್ಕೆ ಮದ್ದು ಎರಡನ್ನೂ ಒಂದೇ ಬರವಣಿಗೆಗೆ ತರುವ ಯೂನಿಕೋಡ್ ನಾರ್ಮಲೈಸೇಶನ್, ಎನ್‌ಎಫ್‌ಸಿ ಎಂಬ ರೂಪ. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್ ಜೊತೆಗೇ ಬರುತ್ತದೆ, ಅದರ ನಾರ್ಮಲೈಸ್ ಫಂಕ್ಷನ್ ಒಂದೇ ಸಾಲಿನ ಕೆಲಸ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 13ನೇ ಆವೃತ್ತಿಯಿಂದ ಇದೇ ಹೆಸರಿನ ಫಂಕ್ಷನ್ ಇದೆ.

ಕೊನೆಯದು ನನಗೆ ಅತ್ಯಂತ ಸ್ವಾರಸ್ಯದ್ದು ಅನಿಸುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಎರಡನ್ನೂ ಹತ್ತಿರದಿಂದ ನೋಡಿ. ಎರಡನೆಯದರಲ್ಲಿ ಇರುವುದು ಸೊನ್ನೆ. ಇಲ್ಲಿ ಲೆನ್ ಕೂಡ ಕೈಕೊಡುತ್ತದೆ, ಎರಡಕ್ಕೂ 8 ಎನ್ನುತ್ತದೆ. ಅನುಸ್ವಾರದ ಸಂಖ್ಯೆ 3202, ಸೊನ್ನೆಯದು 3302. ಹಾಗಂತ ಎಲ್ಲ ಸೊನ್ನೆಗಳನ್ನೂ ಒಂದೇ ಏಟಿಗೆ ಅನುಸ್ವಾರ ಮಾಡಿಬಿಟ್ಟರೆ ‘೨೦೧೪’ ಎಂಬ ಇಸವಿ ಹಾಳಾಗುತ್ತದೆ. ನಿಯಮ ಹೀಗಿರಲಿ: ಸೊನ್ನೆಯ ಹಿಂದಿನ ಅಕ್ಷರ ವ್ಯಂಜನವೋ, ಸ್ವರವೋ, ಕಾಗುಣಿತದ ಚಿಹ್ನೆಯೋ ಆಗಿದ್ದರೆ ಮಾತ್ರ ಬದಲಿಸು, ಅಂಕಿಯಾಗಿದ್ದರೆ ಬಿಡು. ಬರೀ ಊರ ಹೆಸರೇ ಇರುವ ಕಾಲಮ್ ಆದರೆ ಈ ತಲೆನೋವು ಕಡಿಮೆ.

ಇದರ ಜೊತೆಗೆ ‘ಜಿಲ್ಲೆ’, ‘ಜಿ.’, ‘ತಾ.’ ಎಂಬ ಬಾಲಗಳನ್ನು ಕೀ ಕಾಲಮ್‌ನಿಂದ ಕತ್ತರಿಸಿ, ಚುಕ್ಕೆಗಳನ್ನೂ ಒಳಗಿನ ಸ್ಪೇಸ್‌ಗಳನ್ನೂ ತೆಗೆಯಿರಿ. ‘ದ.ಕ.’, ‘ದ. ಕ.’, ‘ದಕ’ ಮೂರೂ ‘ದಕ’ ಆಗುತ್ತವೆ. ನಿಯಮದಿಂದ ಸರಿಹೋಗುವುದನ್ನು ನಿಯಮಕ್ಕೇ ಬಿಡಿ, ಟೇಬಲ್‌ಗೆ ತುಂಬಬೇಡಿ. ಇಂಗ್ಲಿಷ್ ಲಿಪಿಯಲ್ಲಿರುವ ಹೆಸರುಗಳಾದರೆ ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸಿ.

ಒಂದು ಮಾತು ಮರೆಯಬೇಡಿ. ಡೇಟಾಕ್ಕೆ ಮಾಡಿದ ಇದೇ ಶುಚಿಯನ್ನು ಟೇಬಲ್‌ನ ಕಾಲಮ್‌ಗೂ ಮಾಡಬೇಕು. ಒಂದು ಕಡೆ ಚುಕ್ಕೆ ತೆಗೆದು ಇನ್ನೊಂದು ಕಡೆ ಬಿಟ್ಟರೆ ‘ದ.ಕ.’ ಯಾವತ್ತೂ ಹೊಂದುವುದಿಲ್ಲ.

ಏನೇನಿದೆ ಎಂದು ಎಣಿಸಿ

ಕೀ ಕಾಲಮ್‌ನ ಅನನ್ಯ ಹೆಸರುಗಳನ್ನು, ಪ್ರತಿಯೊಂದೂ ಎಷ್ಟು ಸಲ ಬಂದಿದೆ ಎಂಬ ಎಣಿಕೆಯ ಜೊತೆ ತೆಗೆಯಿರಿ. ಪಿವಟ್ ಸಾಕು. ದೊಡ್ಡ ಫೈಲಾದರೆ ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶದಲ್ಲಿ ಟೆಕ್ಸ್ಟ್ ಫೇಸೆಟ್ ಹಾಕಿ. ಅದರ ಕ್ಲಸ್ಟರ್ ಬಟನ್ ಒಂದೇ ಥರದ ಹೆಸರುಗಳನ್ನು ಗುಂಪು ಮಾಡಿ ತೋರಿಸುತ್ತದೆ. ಅದರಲ್ಲಿರುವ ಮೆಟಾಫೋನ್ ಥರದ ವಿಧಾನಗಳು ಇಂಗ್ಲಿಷ್ ಉಚ್ಚಾರಕ್ಕೆ ಹೊಲಿದ ಅಂಗಿ, ಕನ್ನಡ ಲಿಪಿಗೆ ಆಗಿಬರುವುದಿಲ್ಲ. ನಿಯರೆಸ್ಟ್ ನೇಬರ್ ವಿಧಾನ ಪರವಾಗಿಲ್ಲ. ಗುಂಪುಗಳನ್ನು ನೋಡಿ, ಆದರೆ ‘ಎಲ್ಲ ಆರಿಸು’ ಒತ್ತಬೇಡಿ. ಮಂಗಳೂರಿನ ಕಥೆ ಮೇಲೆ ಹೇಳಿದ್ದೇನೆ.

ಎಣಿಕೆ ಜಾಸ್ತಿ ಇರುವ ಹೆಸರಿನಿಂದ ಶುರು ಮಾಡಿ. ಮೇಲಿನ ಕೆಲವೇ ರೂಪಗಳು ಡೇಟಾದ ಬಹುಪಾಲನ್ನು ಆವರಿಸಿರುತ್ತವೆ. ಒಂದೊಂದೇ ಸಲ ಬಂದ ಚಿಲ್ಲರೆ ತಪ್ಪುಗಳು ಕೊನೆಗೆ.

ಹೆಸರಿಗೆ ಹೆಸರು ಕೊಡಬೇಡಿ, ಕೋಡ್ ಕೊಡಿ

‘ಗುಲ್ಬರ್ಗಾ’ ಎದುರಿಗೆ ‘ಕಲಬುರಗಿ’ ಅಂತ ಬರೆಯುವುದು ಸಹಜ. ಆದರೆ ನಾಳೆ ಒಪ್ಪಿದ ಹೆಸರೇ ಬದಲಾದರೆ? ಆಗಿಯೇ ಇದೆಯಲ್ಲ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ, ಬಳ್ಳಾರಿ, ವಿಜಯಪುರ, ಶಿವಮೊಗ್ಗ, ತುಮಕೂರು, ಹುಬ್ಬಳ್ಳಿ, ಚಿಕ್ಕಮಗಳೂರು, ಹೊಸಪೇಟೆ ಎಂಬ 12 ನಗರಗಳಿಗೆ ಈ ಹೆಸರುಗಳು ಅಧಿಕೃತವಾದವು. ಕನ್ನಡದಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ಮೊದಲೂ ಹೀಗೇ ಬರೆಯುತ್ತಿದ್ದೆವು. ಇಂಗ್ಲಿಷ್ ಕಾಗುಣಿತ ಮಾತ್ರ ಹನ್ನೆರಡಕ್ಕೂ ಬದಲಾಯಿತು. ಹಾಗಾಗಿ 2014ಕ್ಕೆ ಮೊದಲಿನ ಇಂಗ್ಲಿಷ್ ಶೀಟನ್ನು ಈಗಿನದರ ಜೊತೆ ಜೋಡಿಸಲು ಹೋದರೆ ಈ ಹೆಸರುಗಳಲ್ಲಿ ಒಂದೂ ಹೊಂದುವುದಿಲ್ಲ.

ಕೋಡ್ ಆದರೆ ಈ ರಗಳೆ ಇಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕ ರಾಜ್ಯದ ಕೋಡ್ 29. ಆಗ ಇದ್ದ 30 ಜಿಲ್ಲೆಗಳಿಗೆ 555ರಿಂದ 584ರವರೆಗೆ ಕೋಡ್ ಕೊಟ್ಟಿದ್ದರು. ಬೆಳಗಾವಿ 555, ರಾಮನಗರ 584. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ನಡೆಸುವ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ, ಎಲ್‌ಜಿಡಿ ಅಂತ ಕರೆಯುತ್ತಾರೆ, ಅದರಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿ, ಹಳ್ಳಿ ಎಲ್ಲಕ್ಕೂ ಕೋಡ್ ಇದೆ. ಯಾವುದನ್ನು ಬಳಸಬೇಕು? ಜನಗಣತಿಯ ಅಂಕಿಗಳ ಜೊತೆ ಜೋಡಿಸುವ ಕೆಲಸವಾದರೆ ಜನಗಣತಿ ಕೋಡ್. ಈಗ ನಡೆಯುತ್ತಿರುವ ಯೋಜನೆಗಳ ಡೇಟಾ ಆದರೆ ಎಲ್‌ಜಿಡಿ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ 2011ರ ಕೋಡ್ ಇರಲು ಸಾಧ್ಯವೇ ಇಲ್ಲ ಎಂಬುದು ನೆನಪಿರಲಿ.

ಈಗ ಎರಡು ಟೇಬಲ್ ಮಾಡಿ. ಒಂದು ಚಿಕ್ಕದು: ಕೋಡ್, ಒಪ್ಪಿದ ಹೆಸರು. ಇನ್ನೊಂದು ದೊಡ್ಡದು: ಡೇಟಾದಲ್ಲಿ ಕಂಡ ರೂಪಗಳೆಲ್ಲ.

| ಕಂಡ ರೂಪ | ಮಟ್ಟ | ರಾಜ್ಯ | ಕೋಡ್ | ಕಾರಣ |
|---|---|---|---|---|
| ಕಲಬುರಗಿ | ಜಿಲ್ಲೆ | ಕರ್ನಾಟಕ | 579 | ಒಪ್ಪಿದ ರೂಪ |
| ಕಲಬುರ್ಗಿ | ಜಿಲ್ಲೆ | ಕರ್ನಾಟಕ | 579 | ಕಾಗುಣಿತ |
| ಗುಲ್ಬರ್ಗಾ | ಜಿಲ್ಲೆ | ಕರ್ನಾಟಕ | 579 | ಹಳೆಯ ಹೆಸರು |
| ಬಿಜಾಪುರ | ಜಿಲ್ಲೆ | ಕರ್ನಾಟಕ | 557 | ಹಳೆಯ ಹೆಸರು |
| ವಿಜಾಪುರ | ಜಿಲ್ಲೆ | ಕರ್ನಾಟಕ | 557 | ಕಾಗುಣಿತ |
| ಕೂರ್ಗ್ | ಜಿಲ್ಲೆ | ಕರ್ನಾಟಕ | 576 | ಇಂಗ್ಲಿಷ್ ಹೆಸರು |
| ದಕ | ಜಿಲ್ಲೆ | ಕರ್ನಾಟಕ | 575 | ಸಂಕ್ಷಿಪ್ತ |

ಒಪ್ಪಿದ ರೂಪಕ್ಕೂ ಒಂದು ಸಾಲು ಇರಲೇಬೇಕು. ಅದನ್ನು ಬಿಟ್ಟರೆ ಸರಿಯಾಗಿ ಬರೆದವರ ಡೇಟಾವೇ ಹೊಂದದೆ ಉಳಿಯುತ್ತದೆ. ತೀರ್ಮಾನ ಯಾರದು, ಯಾವ ದಿನಾಂಕದ್ದು ಎಂಬ ಎರಡು ಕಾಲಮ್ ಕೂಡ ಸೇರಿಸಿ. ಇಲ್ಲಿ ಜಾಗ ಸಾಲದೆಂದು ಬಿಟ್ಟಿದ್ದೇನೆ.

ಮಟ್ಟ ಮತ್ತು ರಾಜ್ಯ ಯಾಕೆ ಬೇಕು

‘ಬಿಜಾಪುರ’ ಕಂಡ ಕೂಡಲೇ ವಿಜಯಪುರ ಅಂತ ಮಾಡುವ ಹಾಗಿಲ್ಲ. ಛತ್ತೀಸಗಢದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ. ಅದರ ಹೆಸರು ಬದಲಾಗಿಲ್ಲ. ಸರಿ, ರಾಜ್ಯ ಕರ್ನಾಟಕವೇ ಅಂದುಕೊಳ್ಳೋಣ. ‘ವಿಜಯಪುರ’ ಅಂದರೆ ಜಿಲ್ಲೆಯೋ, ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಪಟ್ಟಣವೋ? ‘ವಿಜಯನಗರ’ ಜಿಲ್ಲೆಯೂ ಹೌದು, ಬೆಂಗಳೂರಿನ ಬಡಾವಣೆಯೂ ಹೌದು. ‘ಸಿದ್ದಾಪುರ’ ಉತ್ತರ ಕನ್ನಡದಲ್ಲಿ ತಾಲ್ಲೂಕು, ಕೊಡಗಿನಲ್ಲೂ ಒಂದು ಊರು, ಕುಂದಾಪುರದ ಕಡೆಯೂ ಒಂದು ಊರು. ಹೊಸಹಳ್ಳಿ, ಹೊಸೂರು, ರಾಂಪುರ ಎಷ್ಟಿವೆಯೋ ಎಣಿಸಲು ಕೂರಬೇಡಿ. ಹಳ್ಳಿಗಳ ಮಟ್ಟದಲ್ಲಿ ಜಿಲ್ಲೆ ಮತ್ತು ತಾಲ್ಲೂಕಿನ ಕೋಡ್ ಜೊತೆ ಸೇರಿಸಿಯೇ ಹೋಲಿಸಬೇಕು, ಬರೀ ಹೆಸರಿನಿಂದ ಆಗುವುದಿಲ್ಲ. ಅದಕ್ಕೇ ಮೇಲಿನಿಂದ ಕೆಳಕ್ಕೆ ಬನ್ನಿ: ಮೊದಲು ಜಿಲ್ಲೆ ಸರಿಪಡಿಸಿ, ಆಮೇಲೆ ಆ ಜಿಲ್ಲೆಯೊಳಗೆ ತಾಲ್ಲೂಕು, ಆಮೇಲೆ ಹಳ್ಳಿ.

2025ರಲ್ಲಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಾಯಿತು. ಆದರೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕು ಮೊದಲಿನಿಂದ ಇದೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇದೆ. ಡೇಟಾದಲ್ಲಿ ‘ಬೆಂಗಳೂರು ದಕ್ಷಿಣ’ ಎಂದು ಕಂಡರೆ ಅದು ಯಾವ ಕಾಲಮ್‌ನಲ್ಲಿದೆ, ಯಾವ ವರ್ಷದ ಫೈಲು ಎಂದು ನೋಡದೆ ಕೋಡ್ ಹಾಕಬೇಡಿ.

ಜಿಲ್ಲಾ ಕೇಂದ್ರದ ಹೆಸರೂ ಹೀಗೇ. ಜಿಲ್ಲೆ ಕೇಳಿದ ಜಾಗದಲ್ಲಿ ಕೆಲವರು ‘ಕಾರವಾರ’, ‘ಮಡಿಕೇರಿ’ ಅಂತ ಬರೆದಿರುತ್ತಾರೆ. ಜಿಲ್ಲೆಯ ಮಟ್ಟದಲ್ಲಿ ಇವಕ್ಕೆ ಉತ್ತರ ಕನ್ನಡ, ಕೊಡಗಿನ ಕೋಡ್ ಕೊಡಬಹುದು. ತಾಲ್ಲೂಕಿನ ಮಟ್ಟದಲ್ಲಿ ಅವು ತಾವೇ. ಮಟ್ಟದ ಕಾಲಮ್ ಇದ್ದರೆ ಎರಡೂ ಒಂದೇ ಟೇಬಲ್‌ನಲ್ಲಿ ಜಗಳವಿಲ್ಲದೆ ಇರುತ್ತವೆ.

ಹೆಸರು ಬದಲಾದದ್ದು ಬೇರೆ, ಒಡೆದದ್ದು ಬೇರೆ

ಸಿನಾನಿಮ್ ಟೇಬಲ್ ಮಾಡುವವರು ಎಡವುವ ಜಾಗ ಇದು. ಗುಲ್ಬರ್ಗಾ ಮತ್ತು ಕಲಬುರಗಿ ಒಂದೇ ಜಾಗದ ಎರಡು ಹೆಸರು ಎನ್ನುತ್ತೇವೆ. ಆದರೆ 2001ರ ಗುಲ್ಬರ್ಗಾ ಜಿಲ್ಲೆಯೊಳಗೆ ಯಾದಗಿರಿಯೂ ಇತ್ತು. 2011ರಲ್ಲಿ ಇಲ್ಲ. 2001ರ ಜನಸಂಖ್ಯೆಯನ್ನು ‘ಕಲಬುರಗಿ’ ಎಂಬ ಕೋಡ್‌ಗೆ ಹಾಕಿ 2011ರ ಜೊತೆ ಹೋಲಿಸಿದರೆ ಜಿಲ್ಲೆಯ ಜನ ಹತ್ತು ವರ್ಷದಲ್ಲಿ ಎಲ್ಲೋ ಗುಳೆ ಹೋದ ಹಾಗೆ ಕಾಣುತ್ತದೆ.

ಇಂಥ ಒಡಕುಗಳು ನಮ್ಮಲ್ಲಿ ಬೇಕಾದಷ್ಟಿವೆ. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ, ಮೈಸೂರಿನಿಂದ ಚಾಮರಾಜನಗರ, ಧಾರವಾಡದಿಂದ ಗದಗ ಮತ್ತು ಹಾವೇರಿ, ಬಿಜಾಪುರದಿಂದ ಬಾಗಲಕೋಟೆ, ರಾಯಚೂರಿನಿಂದ ಕೊಪ್ಪಳ ಬೇರೆಯಾದವು. ದಾವಣಗೆರೆ ಜಿಲ್ಲೆಯೂ ಆಗಲೇ ಆದದ್ದು. 2007ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದಿಂದ ರಾಮನಗರ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ. ಹಳೆಯ ದಾಖಲೆಗಳಲ್ಲಿ ‘ಸೌತ್ ಕೆನರಾ’ ಕಂಡರೆ ಇನ್ನೂ ಹಿಂದಕ್ಕೆ ಹೋಗಬೇಕು. 1956ಕ್ಕೆ ಮುಂಚಿನ ಆ ಜಿಲ್ಲೆಯಲ್ಲಿ ಈಗ ಕೇರಳದಲ್ಲಿರುವ ಕಾಸರಗೋಡೂ ಸೇರಿತ್ತು.

ಒಂದು ತಾಲ್ಲೂಕನ್ನೇ ಹಿಡಿದು ನೋಡಿ. ಹರಪನಹಳ್ಳಿ 1997ರವರೆಗೆ ಬಳ್ಳಾರಿಯಲ್ಲಿತ್ತು. ಆಮೇಲೆ ದಾವಣಗೆರೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರಕ್ಕೆ ಹೋಯಿತು. ಊರು ಅಲುಗಲಿಲ್ಲ, ಜಿಲ್ಲೆ ಮೂರು ಸಲ ಬದಲಾಯಿತು. ‘ಹರಪನಹಳ್ಳಿ, ದಾವಣಗೆರೆ ಜಿಲ್ಲೆ’ ಎಂದು ಬರೆದ 2010ರ ಸಾಲು ತಪ್ಪೇನಲ್ಲ. ಅದನ್ನು ‘ಸರಿಪಡಿಸಲು’ ಹೋದರೆ ಆ ವರ್ಷದ ದಾವಣಗೆರೆಯ ಮೊತ್ತ ತಪ್ಪುತ್ತದೆ.

ಆದ್ದರಿಂದ ಒಡಕುಗಳನ್ನು ಸಿನಾನಿಮ್ ಟೇಬಲ್‌ನಲ್ಲಿ ಬರೆಯಬೇಡಿ. ಅವಕ್ಕೆ ಪ್ರತ್ಯೇಕ ಟೇಬಲ್ ಇರಲಿ: ತಾಲ್ಲೂಕು ಕೋಡ್, ಜಿಲ್ಲೆ ಕೋಡ್, ಯಾವ ದಿನದಿಂದ, ಯಾವ ದಿನದವರೆಗೆ. ಹರಪನಹಳ್ಳಿಗೆ ಅಲ್ಲಿ ನಾಲ್ಕು ಸಾಲು ಬರುತ್ತದೆ. ಹಳೆಯ ಮತ್ತು ಹೊಸ ವರ್ಷಗಳನ್ನು ಹೋಲಿಸಬೇಕಾದರೆ ತಾಲ್ಲೂಕಿನ ಅಂಕಿ ಹಿಡಿದು ಮೇಲಕ್ಕೆ ಕೂಡಿ. ತಾಲ್ಲೂಕಿನ ಅಂಕಿ ಇಲ್ಲದಿದ್ದರೆ ಒಡೆದ ಜಿಲ್ಲೆಗಳನ್ನೇ ಹಳೆಯ ಗಡಿಗೆ ಕೂಡಿಸಿ ತೋರಿಸಿ, ಹಾಗೆ ಮಾಡಿದ್ದೀರಿ ಎಂದು ಕೆಳಗೆ ಬರೆಯಿರಿ.

ಲೋಡ್ ಮಾಡುವ ಮೊದಲು ಟೇಬಲ್ಲನ್ನೇ ಪರೀಕ್ಷಿಸಿ

ಮೂರು ಪ್ರಶ್ನೆ. ಒಂದೇ ಕಂಡ ರೂಪ, ಅದೇ ಮಟ್ಟ, ಅದೇ ರಾಜ್ಯದಲ್ಲಿ ಎರಡು ಸಲ ಇದೆಯೇ? ಇರಬಾರದು. ಟೇಬಲ್‌ನಲ್ಲಿರುವ ಪ್ರತಿ ಕೋಡ್ ಚಿಕ್ಕ ಟೇಬಲ್‌ನಲ್ಲೂ ಇದೆಯೇ? ಇರಲೇಬೇಕು. ಕೀ ಖಾಲಿ ಇರುವ ಸಾಲು ಇದೆಯೇ? ಇದ್ದರೆ ತೆಗೆಯಿರಿ, ಇಲ್ಲವಾದರೆ ಜಿಲ್ಲೆ ಬರೆಯದ ಎಲ್ಲ ಸಾಲುಗಳೂ ಯಾವುದೋ ಒಂದು ಜಿಲ್ಲೆಗೆ ಹೋಗಿ ಸೇರಿಕೊಳ್ಳುತ್ತವೆ.

ಕೋಡ್ ಬದಲು ಹೆಸರಿಗೆ ಹೆಸರು ಬರೆದಿದ್ದರೆ ಸರಪಳಿಯನ್ನೂ ನೋಡಬೇಕು. ಗುಲ್ಬರ್ಗಾ ಎದುರು ಗುಲಬರ್ಗಾ, ಗುಲಬರ್ಗಾ ಎದುರು ಕಲಬುರಗಿ ಇದ್ದರೆ ಒಂದು ಸುತ್ತಿಗೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕೋಡ್ ಬಳಸಿದವರಿಗೆ ಈ ಚಿಂತೆ ಇಲ್ಲ.

ಲೋಡ್ ಮಾಡುವುದು

ಎಕ್ಸೆಲ್‌ನಲ್ಲಾದರೆ ಟೇಬಲ್ಲನ್ನು ಬೇರೆ ಶೀಟಿನಲ್ಲಿ ಇಟ್ಟು ಎಕ್ಸ್‌ಲುಕಪ್ ಬಳಸಿ. ಸಿಗದಿದ್ದರೆ ‘ಹೊಂದಿಲ್ಲ’ ಎಂದು ಬರೆಯುವಂತೆ ಅದರಲ್ಲೇ ಹೇಳಬಹುದು. ಹಳೆಯ ಆವೃತ್ತಿಯಲ್ಲಿ ವಿಲುಕಪ್ ಮಾತ್ರ ಇದ್ದರೆ ಕೊನೆಯ ಜಾಗದಲ್ಲಿ ಸೊನ್ನೆ ಹಾಕುವುದನ್ನು ಮರೆಯಬೇಡಿ. ಅದನ್ನು ಬಿಟ್ಟರೆ ವಿಲುಕಪ್ ಅಂದಾಜು ಹೊಂದಿಕೆ ಮಾಡಿ, ಸಂಬಂಧವಿಲ್ಲದ ಜಿಲ್ಲೆಯ ಕೋಡ್ ಕೂಡ ಕೊಟ್ಟುಬಿಡುತ್ತದೆ. ಟೇಬಲ್‌ನಲ್ಲಿ ಒಂದೇ ರೂಪ ಎರಡು ಸಲ ಇದ್ದರೆ ಇವೆರಡೂ ಮೊದಲು ಸಿಕ್ಕಿದ್ದನ್ನು ಎತ್ತಿಕೊಂಡು ಸುಮ್ಮನಿರುತ್ತವೆ.

ತಿಂಗಳು ತಿಂಗಳು ಫೈಲು ಬರುವ ಕೆಲಸವಾದರೆ ಎಕ್ಸೆಲ್‌ನೊಳಗೇ ಇರುವ ಪವರ್ ಕ್ವೆರಿ ವಾಸಿ. ಡೇಟಾ ಒಂದು ಕ್ವೆರಿ, ಟೇಬಲ್ ಇನ್ನೊಂದು. ಮರ್ಜ್‌ನಲ್ಲಿ ಲೆಫ್ಟ್ ಔಟರ್ ಆರಿಸಿ, ಹೊಂದದಿದ್ದರೂ ಡೇಟಾದ ಎಲ್ಲ ಸಾಲುಗಳೂ ಉಳಿಯುತ್ತವೆ. ಮಟ್ಟ, ರಾಜ್ಯ, ಕೀ ಮೂರನ್ನೂ ಕಂಟ್ರೋಲ್ ಕೀ ಒತ್ತಿಕೊಂಡು ಎರಡೂ ಕಡೆ ಒಂದೇ ಕ್ರಮದಲ್ಲಿ ಆರಿಸಬೇಕು. ಮುಂದಿನ ತಿಂಗಳು ರಿಫ್ರೆಶ್ ಒತ್ತಿದರೆ ಸಾಕು. ಇಲ್ಲಿ ಟೇಬಲ್‌ನಲ್ಲಿ ಎರಡೆರಡು ಸಾಲಿದ್ದರೆ ಡೇಟಾದ ಸಾಲುಗಳೇ ಹೆಚ್ಚಾಗಿಬಿಡುತ್ತವೆ, ಮೊತ್ತ ಉಬ್ಬುತ್ತದೆ. ಮರ್ಜ್‌ನ ಫಜಿ ಆಯ್ಕೆಯಲ್ಲಿ ಟ್ರಾನ್ಸ್‌ಫಾರ್ಮೇಶನ್ ಟೇಬಲ್ ಎಂಬುದೂ ಇದೆ. ‘ಫ್ರಮ್’, ‘ಟು’ ಎಂಬ ಎರಡು ಕಾಲಮ್ ಇರುವ ಪಟ್ಟಿ ಕೊಟ್ಟರೆ ಅದನ್ನು ಸಿನಾನಿಮ್ ಟೇಬಲ್ ಆಗಿ ಬಳಸುತ್ತದೆ. ಆದರೆ ಹೋಲಿಕೆಯ ಮಿತಿ ತಾನಾಗಿ 0.80 ಇರುತ್ತದೆ, ಅಂದರೆ ಪಟ್ಟಿಯಲ್ಲಿಲ್ಲದ ಹತ್ತಿರದ ಹೆಸರುಗಳೂ ಅಂಟಿಕೊಳ್ಳಬಹುದು. ಜಿಲ್ಲೆ, ತಾಲ್ಲೂಕಿಗೆ ನಾನು ಇದನ್ನು ಬಳಸುವುದಿಲ್ಲ.

ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ರಿಪ್ಲೇಸ್, ಮ್ಯಾಪ್, ಮರ್ಜ್ ಮೂರು ದಾರಿ. ರಿಪ್ಲೇಸ್ ಹೊಂದದ್ದನ್ನು ಹಾಗೇ ಬಿಡುತ್ತದೆ, ಹೀಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮ್ಯಾಪ್ ಹೊಂದದ್ದನ್ನು ಖಾಲಿ ಮಾಡುತ್ತದೆ, ಅದೇ ನಮಗೆ ಬೇಕಾದದ್ದು. ಒಂದಕ್ಕಿಂತ ಹೆಚ್ಚು ಕಾಲಮ್ ಮೇಲೆ ಹೋಲಿಸಬೇಕಾದಾಗ ಮರ್ಜ್. ಅದರಲ್ಲಿ ವ್ಯಾಲಿಡೇಟ್ ಎಂಬ ಆಯ್ಕೆಗೆ ‘ಮೆನಿ ಟು ಒನ್’ ಕೊಡಿ. ಟೇಬಲ್‌ನಲ್ಲಿ ಎರಡೆರಡು ಸಾಲಿದ್ದರೆ ಪ್ರೋಗ್ರಾಂ ಅಲ್ಲೇ ನಿಂತು ದೂರು ಹೇಳುತ್ತದೆ.

ಡೇಟಾಬೇಸ್ ಆದರೆ ಕೀ, ಮಟ್ಟ, ರಾಜ್ಯ ಮೂರೂ ಸೇರಿ ಪ್ರೈಮರಿ ಕೀ (ಎರಡು ಸಾಲುಗಳಲ್ಲಿ ಒಂದೇ ಬರಬಾರದ ಗುರುತು) ಆಗಲಿ, ಎರಡನೇ ಸಾಲು ಒಳಗೆ ಬರುವುದೇ ಇಲ್ಲ. ಮೈಎಸ್‌ಕ್ಯುಎಲ್ ಬಳಸುವವರು ಆ ಕಾಲಮ್‌ಗೆ ಬೈನರಿ ಕೊಲೇಶನ್ ಇಡಿ. ಎರಡು ಪದ ಒಂದೇ ಹೌದೋ ಅಲ್ಲವೋ ಎಂಬುದನ್ನು ಕೊಲೇಶನ್ ತೀರ್ಮಾನಿಸುತ್ತದೆ, ಆ ಅಧಿಕಾರ ನಿಮ್ಮ ಟೇಬಲ್‌ಗೇ ಇರಲಿ. ಜೋಡಿಸುವುದು ಇಲ್ಲೂ ಲೆಫ್ಟ್ ಜಾಯಿನ್. ಇನ್ನರ್ ಜಾಯಿನ್ ಬಳಸಿದರೆ ಹೊಂದದ ಸಾಲುಗಳು ಮಾಯವಾಗುತ್ತವೆ.

ಯಾವ ದಾರಿಯಾದರೂ ಲೋಡ್ ಆದ ಮೇಲೆ ಮೊದಲು ನೋಡುವುದು ಸಾಲುಗಳ ಎಣಿಕೆ ಮತ್ತು ಯಾವುದಾದರೂ ಒಂದು ಅಂಕಿಯ ಮೊತ್ತ. ಜೋಡಿಸುವ ಮೊದಲು ಎಷ್ಟಿತ್ತೋ ಆಮೇಲೂ ಅಷ್ಟೇ ಇರಬೇಕು.

ಹೊಂದದೆ ಉಳಿದವು

ಇವನ್ನು ಪ್ರತ್ಯೇಕ ಶೀಟಿಗೆ ಹಾಕಿ. ಪ್ರತಿಯೊಂದರ ಎದುರು ಫಜಿ ಮ್ಯಾಚಿಂಗ್ ಕೊಡುವ ಎರಡು ಮೂರು ಸಲಹೆಗಳನ್ನು ಇಡಬಹುದು, ಆರಿಸುವುದು ಮಾತ್ರ ಆ ಕಡೆಯ ಊರುಗಳು ಗೊತ್ತಿರುವ ಮನುಷ್ಯರು. ತೀರ್ಮಾನ ಆದದ್ದು ಟೇಬಲ್‌ಗೆ ಹೊಸ ಸಾಲಾಗಿ ಸೇರಲಿ. ಡೇಟಾದಲ್ಲಿ ಕೈಯಾರೆ ತಿದ್ದುವುದು ಬೇಡ. ತೀರ್ಮಾನ ಆಗದ್ದು ‘ಹೊಂದಿಲ್ಲ’ ಎಂದೇ ಉಳಿಯಲಿ, ವರದಿಯಲ್ಲೂ ಹಾಗೇ ತೋರಿಸಿ. ‘ಬೆಂಗಳೂರು’ ಎಂದಷ್ಟೇ ಬರೆದ ಸಾಲು ನಗರವೋ ಗ್ರಾಮಾಂತರವೋ ಗೊತ್ತಾಗದಿದ್ದರೆ ಊಹಿಸಿ ನಗರಕ್ಕೆ ಹಾಕಬೇಡಿ. ಪಿನ್‌ಕೋಡ್ ಅಥವಾ ತಾಲ್ಲೂಕು ಇದ್ದರೆ ಅದನ್ನು ನೋಡಿ ಹೇಳಬಹುದು.

ಟೇಬಲ್ ಒಂದೇ ಜಾಗದಲ್ಲಿರಲಿ, ಅದಕ್ಕೆ ಒಬ್ಬರು ಜವಾಬ್ದಾರರಿರಲಿ. ಒಬ್ಬೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಪ್ರತಿ ಇದ್ದರೆ ಬೇಗನೆ ಟೇಬಲ್‌ಗಳನ್ನು ಶುಚಿ ಮಾಡಲು ಇನ್ನೊಂದು ಟೇಬಲ್ ಬೇಕಾಗುತ್ತದೆ.

ಜನರ ಹೆಸರಿಗೂ ಇದೇ ಮಾಡಬಹುದೇ?

ಅರ್ಧ ಮಾತ್ರ. ಲಕ್ಷ್ಮಿ, ಲಕ್ಷ್ಮೀ, ಲಕ್ಷ್ಮೀದೇವಿ, ಲಕ್ಷ್ಮಮ್ಮ ಒಬ್ಬರೇ ಇರಬಹುದು, ಒಂದೇ ಬೀದಿಯ ನಾಲ್ವರೂ ಇರಬಹುದು. ಊರಿಗೆ ಕೋಡ್ ಪಟ್ಟಿ ಇದೆ, ಜನರಿಗೆ ಅಂಥ ಪಟ್ಟಿ ನಮ್ಮ ಕೈಯಲ್ಲಿಲ್ಲ. ಆದ್ದರಿಂದ ವ್ಯಕ್ತಿಯ ಹೆಸರಿನ ರೂಪಗಳನ್ನು ಟೇಬಲ್ ಹಾಕಿ ಹುಡುಕಾಟದ ಕೀ ಮಾಡಲು ಬಳಸಿ, ಇಬ್ಬರನ್ನು ಒಬ್ಬರಾಗಿ ಮಾಡಲು ಬಳಸಬೇಡಿ. ಹಣ, ಪಡಿತರ, ಜಮೀನು ಇದರಲ್ಲಿ ಸೇರಿದ್ದರಂತೂ ಬೇಡವೇ ಬೇಡ.

ಹೆಸರಿನ ಸುತ್ತ ಇರುವ ಪದಗಳಿಗೆ ಮಾತ್ರ ಟೇಬಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಪಹಣಿಯಂಥ ದಾಖಲೆಗಳಲ್ಲಿ ಒಂದು ಕಡೆ ‘ಬಿನ್’, ಇನ್ನೊಂದು ಕಡೆ ‘ತಂದೆ’. ಒಂದು ಕಡೆ ‘ಕೋಂ’, ಇನ್ನೊಂದು ಕಡೆ ‘ಗಂಡ’. ಇವನ್ನು ಎರಡೇ ಕೋಡ್‌ಗೆ ತಂದು, ಆ ಪದ ಎಲ್ಲಿ ಬರುತ್ತದೋ ಅಲ್ಲಿ ಕತ್ತರಿಸಿದರೆ ವ್ಯಕ್ತಿಯ ಹೆಸರು ಒಂದು ಕಾಲಮ್‌ಗೆ, ಸಂಬಂಧ ಇನ್ನೊಂದಕ್ಕೆ, ತಂದೆ ಅಥವಾ ಗಂಡನ ಹೆಸರು ಮೂರನೆಯದಕ್ಕೆ ಬರುತ್ತದೆ. ಪದದ ಎರಡೂ ಕಡೆ ಸ್ಪೇಸ್ ಇದ್ದರೆ ಮಾತ್ರ ಕತ್ತರಿಸಿ. ಇಲ್ಲದಿದ್ದರೆ ‘ರಾಬಿನ್’ ಎಂಬಾತನ ಹೆಸರು ‘ರಾ’ ಆಗಿ ಉಳಿಯುತ್ತದೆ.

‘ಶ್ರೀ’, ‘ಶ್ರೀಮತಿ’, ‘ಕುಮಾರಿ’ ಇವನ್ನೂ ಹೀಗೇ ಕೀಯಿಂದ ತೆಗೆಯಬಹುದು. ‘ದಿ.’, ‘ದಿವಂಗತ’, ‘ಲೇಟ್’ ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅದು ಗೌರವದ ಪದವಲ್ಲ, ಆ ವ್ಯಕ್ತಿ ತೀರಿಕೊಂಡಿದ್ದಾರೆ ಎಂಬ ಮಾಹಿತಿ. ಅದಕ್ಕೊಂದು ಬೇರೆ ಕಾಲಮ್ ಮಾಡಿ ಅಲ್ಲಿಗೆ ಸಾಗಿಸಿ, ಆಮೇಲೆ ಕೀಯಿಂದ ತೆಗೆಯಿರಿ. ‘ದಿ.’ ಗಂಡನ ಹೆಸರಿನ ಮುಂದಿತ್ತೋ ಹೆಂಡತಿಯ ಹೆಸರಿನ ಮುಂದಿತ್ತೋ ಎಂಬುದು ಕತ್ತರಿಸಿದ ಮೇಲೆ ತಿಳಿಯದೆ ಹೋಗಬಾರದು. ಹಾಗಾಗಿ ಮೊದಲು ‘ಕೋಂ’, ‘ಬಿನ್’ ನೋಡಿ ಕತ್ತರಿಸಿ, ‘ದಿ.’ ಅನ್ನು ಆಮೇಲೆ ಪ್ರತಿ ತುಂಡಿನಲ್ಲೂ ಬೇರೆ ಬೇರೆಯಾಗಿ ಹುಡುಕಿ.